ದಿನ ಬಿಟ್ಟು ದಿನ

ಮಂಚದ ಮೇಲಿದ್ದ ದರ್ಜಿಯ ಶವದ ಕಾಲ ಮೇಲಿನ ಹೊದಿಕೆ ಜಾರಿತ್ತು. ಹೆಂಡತಿ ಅದನ್ನು ಎಳೆದು ಸರಿಮಾಡುತ್ತಿದ್ದಾಗ ಕ್ಲಿನಿಕ್ಕಿನ ಕಾಂಪೌಂಡರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಊರೆಲ್ಲ ಬರಲಿ, ಈ ಒಬ್ಬ ಮನುಷ್ಯ ಬಾರದಿರಲಿ ಎಂದು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದಳು.

ಕಾಂಪೌಂಡರು ಏನೂ ಕೇಳಲಿಲ್ಲ. ತಲೆ ತಗ್ಗಿಸಿ ಒಂದು ಗಳಿಗೆ ನಿಂತು, ಗೋಡೆ ಪಕ್ಕದ ಕುರ್ಚಿಯಲ್ಲಿ ಕುಳಿತರು, ಅಷ್ಟೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂಥ ಪಾಡು ಅವಳದು. ಅವರು ಕೆಮ್ಮಿದರೂ ಬೆಚ್ಚುತ್ತಿದ್ದಳು. ಮಗಳು ಅದನ್ನು ದುಃಖವೆಂದುಕೊಂಡು ಅಮ್ಮನ ಬೆನ್ನು ಸವರುತ್ತಿದ್ದಳು.

ಬಂದವರು ಸತ್ತವನ ಗುಣ ನೆನೆಯುತ್ತಿದ್ದರು. ಕೈ ಎಂದೂ ಅಳತೆ ತಪ್ಪಲಿಲ್ಲ, ಬಾಯಿ ಮಾತ್ರ ಯಾವ ಅಳತೆಗೂ ಸಿಗಲಿಲ್ಲ ಎಂದು ಹಳೆಯ ಗಿರಾಕಿಯೊಬ್ಬ ಹೇಳಿದಾಗ ಸಾವಿನ ಮನೆಯಲ್ಲೂ ಒಂದಿಬ್ಬರು ನಕ್ಕರು. ಬಟ್ಟೆ ಅಂಗಡಿಯವನು ತನ್ನದೂ ಒಂದು ಸೇರಿಸಿದ.

"ಹೋದ ವಾರ ಬಿಳಿ ಬಟ್ಟೆ ವಾಪಸ್ ಕಳಿಸಿದ್ರು. ಹಳದಿ ತಿರುಗಿದೆ, ನನಗೇ ಟೋಪಿ ಹಾಕ್ತೀಯಾ ಅಂತ. ಬಿಚ್ಚಿ ನೋಡಿದ್ರೆ ಹಾಲಿನ ಹಾಗಿತ್ತು."

ಕಾಂಪೌಂಡರು ತಲೆ ಎತ್ತಿದರು.

*

ಮೂರು ವಾರದ ಹಿಂದೆ ಡಾಕ್ಟರು ದರ್ಜಿಯ ಹೃದಯದ ಮಾತ್ರೆಯನ್ನು ದಿನ ಬಿಟ್ಟು ದಿನ ಮಾಡಿದ್ದರು. ಜೊತೆಗೆ ಹೋಗಿದ್ದ ಮಗಳನ್ನು ಪಕ್ಕಕ್ಕೆ ಕರೆದು ಕಾಂಪೌಂಡರೇ ಬಿಡಿಸಿ ಹೇಳಿದ್ದರು. ಎಷ್ಟೋ ಮಾತ್ರೆಗಳನ್ನು ಲಿವರ್ ಮುರಿದು ಮುಗಿಸುತ್ತದೆ. ಇದನ್ನು ಮಾತ್ರ ಹೆಚ್ಚಾಗಿ ಕಿಡ್ನಿಯೇ ಸೋಸಿ ಮೂತ್ರದಲ್ಲಿ ಹೊರಗೆ ಹಾಕಬೇಕು. ಇವರ ಕಿಡ್ನಿ ಸೋತಿದೆ. ನಿನ್ನೆಯದು ಹೋಗುವ ಮೊದಲೇ ಇವತ್ತಿನದು ಬಂದರೆ ಒಳಗೇ ಕೂಡಿಕೊಂಡು ವಿಷವಾಗುತ್ತದೆ.

ಮಗಳು ವಾರದ ಡಬ್ಬಿಯಲ್ಲಿ ಒಂದು ಖಾನೆ ಬಿಟ್ಟು ಒಂದಕ್ಕೆ ಮಾತ್ರೆ ಹಾಕಿ, ಡಬ್ಬಿಯಲ್ಲಿ ಇರುವುದನ್ನು ಕೊಡು ಎಂದಷ್ಟೇ ಅಮ್ಮನಿಗೆ ಹೇಳಿ ತನ್ನ ಮನೆಗೆ ಹೋದಳು. ಅಮ್ಮನೋ, ಮೂವತ್ತು ವರ್ಷ ಗಂಡನ ಗುಂಡಿಪೆಟ್ಟಿಗೆ ತುಂಬಿಸಿದವಳು. ಒಂದು ಖಾನೆ ಖಾಲಿ ಕಂಡರೂ ಅವನು ಆಕಾಶ ಭೂಮಿ ಒಂದು ಮಾಡುತ್ತಿದ್ದ. ಮಗಳು ಅವಸರದಲ್ಲಿ ಮರೆತಿದ್ದಾಳೆ, ಹೇಳಿದರೆ ಪಾಪ ನೊಂದುಕೊಂಡಾಳು ಎಂದು, ಬೀರುವಿನಲ್ಲಿ ಉಳಿದಿದ್ದ ಅದೇ ಹಳೆಯ ಮಾತ್ರೆಗಳನ್ನು ಖಾಲಿ ಖಾನೆಗಳಿಗೆ ಹಾಕಿದಳು. ಮುಂದಿನ ವಾರ ಮಗಳು ಬಂದು ಡಬ್ಬಿ ತುಂಬಿ ಹೋದ ಮೇಲೂ ಹಾಗೇ ಹಾಕಿದಳು.

ಅವನಿಗೆ ಊಟ ಸೇರದಾಯಿತು. ಬಿಳಿ ಬಟ್ಟೆ ಹಳದಿಯಾಗಿ ಕಂಡಿತು. ವಯಸ್ಸಾಯಿತು, ಕನ್ನಡಕ ಬದಲಿಸಿ ಎಂದು ಅವಳು ಗದರಿದಳು. ಆಸ್ಪತ್ರೆಗೆ ಸೇರಿಸಿದ ದಿನ ಮಗಳು ಇನ್ನೂ ದಾರಿಯಲ್ಲಿದ್ದಳು. ಮಾತ್ರೆ ಮೈಯಲ್ಲೇ ನಿಂತುಬಿಟ್ಟಿದೆ, ದಿನ ಬಿಟ್ಟು ದಿನ ತಾನೆ ಕೊಟ್ಟಿದ್ದು ಎಂದು ಅಲ್ಲಿನ ಡಾಕ್ಟರು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಮರುದಿನ ಅವನ ಹೃದಯ ನಿಂತಿತು.

*

ಕಾಂಪೌಂಡರು ಎದ್ದು ಬಂದು ಮಗಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು.

"ತಪ್ಪು ತಿಳ್ಕೋಬೇಡಮ್ಮ. ಡಬ್ಬಿ ತುಂಬ್ತಿದ್ದದ್ದು ನೀನೇ ತಾನೆ?"

"ಹೌದು ಸರ್. ದಿನ ಬಿಟ್ಟೇ ಹಾಕಿದ್ದೆ."

"ಬಿಳೀದು ಹಳದಿ ಕಾಣೋದು ಆ ಮಾತ್ರೆ ಜಾಸ್ತಿ ಆದಾಗ. ಎಲ್ಲೋ ತಪ್ಪಿದೆ."

ಮಗಳು ಬೆರಳು ಮಡಚುತ್ತ ದಿನಗಳನ್ನು ಎಣಿಸಿದಳು, ಮತ್ತೆ ಮೊದಲಿನಿಂದ ಎಣಿಸಿದಳು.

"ಫೋನಲ್ಲಿ ಮಾತಾಡ್ಕೊಂಡು ತುಂಬಿದ್ದೆ. ಎಲ್ಲಾ ಖಾನೆಗೂ ನಾನೇ ಹಾಕ್ಬಿಟ್ನೇನೋ. ಅಮ್ಮ, ಅಪ್ಪನ್ನ ನಾನೇ..."

ಸುಮ್ಮನಿದ್ದರೆ ತಾನು ಉಳಿದೆ ಎಂದು ತಾಯಿಗೆ ಹೊಳೆಯಿತು. ಯಾರಿಗೂ ಎಂದೂ ತಿಳಿಯುವುದಿಲ್ಲ. ಹಾಗೆ ಹೊಳೆದದ್ದಕ್ಕೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ನೀನಲ್ಲ ಕಣೆ. ನೀನು ಖಾಲಿ ಬಿಟ್ಟದ್ದನ್ನ ನಾನು ತುಂಬ್ದೆ. ದಿನಾ ಕೊಟ್ಟೆ. ಆಸ್ಪತ್ರೇಲೇ ಗೊತ್ತಾಯ್ತು. ಹೇಳಲಿಲ್ಲ."

ಮಗಳು ಎದ್ದು ನಿಂತಳು.

ಗಾಡಿ ಬಂತು ಎಂದು ಹೊರಗಿನಿಂದ ಯಾರೋ ಕೂಗಿದರು. ಕುರ್ಚಿಗಳು ಸರಿದವು, ನಾಲ್ವರು ಮಂಚದ ಬಳಿಗೆ ಬಂದರು. ತಾಯಿಯೂ ಏಳಲು ನೋಡಿದಳು, ಮಂಡಿ ಹಿಡಿದುಕೊಂಡಿತ್ತು. ಅಭ್ಯಾಸದಂತೆ ಮಗಳತ್ತ ಕೈ ಚಾಚಿದಳು. ಮಗಳು ಆ ಕೈಯನ್ನೇ ನೋಡುತ್ತ ನಿಂತಿದ್ದಳು.