ಆಡಿಗೆ ಹೇಳಿದ ಮಾತು

ಅಳಿಯ ಕಲ್ಲಿನಾಥ ಜೀಪಿನಿಂದ ಇಳಿದು, ಅಂಗಿ ಕಳಚಿ ಬೇವಿನ ಟೊಂಗೆಗೆ ತೂಗುಹಾಕಿದಾಗಲೇ ಧೂಳಮ್ಮನಿಗೆ ಮೈ ಉರಿಯಿತು. ಹುಮನಾಬಾದಿನಲ್ಲಿ ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ಅಂಗೈ ಹತ್ತಿಯಂತಾದ ಈ ಮನುಷ್ಯ ಇವತ್ತು ರಾಜೇಶ್ವರಕ್ಕೆ ಬಂದು, ಅವಳ ಅಂಗಳದಲ್ಲಿ ಜೀಪಿನ ಡಿಫರೆನ್ಶಿಯಲ್ ಎಣ್ಣೆ ಬದಲಿಸುತ್ತಾನಂತೆ. ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಷ್ಟು ದಪ್ಪನೆಯ ಗುಂಡು ಇರುತ್ತದಲ್ಲ, ಅದರೊಳಗಿನ ಎಣ್ಣೆ. ಬಸವಕಲ್ಯಾಣದ ಹಬೀಬ್ ಮಿಸ್ತ್ರಿ ಬೀಡಿ ಸೇದುತ್ತ ಮಾಡಿ ಮುಗಿಸುವ ಕೆಲಸ. ಆದರೆ ಕಲ್ಲಿನಾಥನ ಪ್ರಕಾರ ಮಿಸ್ತ್ರಿಗಳೆಲ್ಲ ಕಳ್ಳರು. ಮೊಬೈಲಿನಲ್ಲಿ ನೋಡಿ ಕಲಿತ ತಾನೊಬ್ಬನೇ ಶಾಣ್ಯಾ.

ಈ ಶಾಣ್ಯಾತನವನ್ನು ತನ್ನ ಮನೆಯ ಮುಂದೆಯೇ ತೋರಿಸಬಹುದಿತ್ತು. ಆದರೆ ಅಲ್ಲಿ ಹೊಸ ಟೈಲ್ಸ್ ಹಾಕಿಸಿದ್ದಾನೆ, ಎಣ್ಣೆ ಬಿದ್ದರೆ ಕಲೆಯಾಗುತ್ತದೆ. ಧೂಳಮ್ಮ ಬೆಳಿಗ್ಗೆ ಎದ್ದು, ಸೊಂಟ ಹಿಡಿದುಕೊಂಡು ಸೆಗಣಿ ಸಾರಿಸಿದ ಅಂಗಳಕ್ಕೆ ಕಲೆಯಾಗುವುದಿಲ್ಲ ನೋಡಿ.

ಇದನ್ನೆಲ್ಲ ಅವನ ಮುಖಕ್ಕೇ ಹೇಳುವಂತಿರಲಿಲ್ಲ. ಆ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ತಲೆ ತುಂಬ ಸೆರಗು ಹೊದ್ದು ಮಗಳ ಕೈಲಿ ಹೇಳಿಸಬೇಕು. ಮಗಳು ಹತ್ತಿರ ಇಲ್ಲದಿದ್ದರೆ ಗೋಡೆಗೋ ದನಕ್ಕೋ ಹೇಳಿದಂತೆ ಮಾಡಿ ಅವನ ಕಿವಿಗೆ ಬೀಳಿಸಬೇಕು. ಮಗಳು ಸಾಕ್ಷಿಯ ಮದುವೆಯಾದಂದಿನಿಂದ ಧೂಳಮ್ಮ ಈ ರೀತಿ ತಪ್ಪಿಲ್ಲ. ಇಂಥವನ ಜೊತೆ ಬಾಯಿ ಸವೆಸುವ ಕರ್ಮ ತನಗಿಲ್ಲವಲ್ಲ ಎಂದು ಹಿರಿಯರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು.

"ಸಾಕ್ಷಿ, ಮುಂದಿನ ಗಾಲಿಗಿ ಕಲ್ಲ ಕೊಡು ಅಂತ ಹೇಳು" ಎಂದಳು ಧೂಳಮ್ಮ.

"ನಿಮ್ಮವ್ವಗ ಹೇಳು, ಇದು ಎತ್ತಿನ ಬಂಡಿ ಅಲ್ಲ. ಹ್ಯಾಂಡ್ ಬ್ರೇಕ್ ಎಳದೀನಿ" ಎಂದ ಕಲ್ಲಿನಾಥ.

ಆ ಬ್ರೇಕು ಹಿಡಿಯುವುದು ಹಿಂದಿನ ಗಾಲಿಗಳನ್ನು. ಈ ಮಹಾರಾಯ ಗಾಳಿಗೆ ಎತ್ತಲು ಹೊರಟಿದ್ದೂ ಅವನ್ನೇ. ಅವನು ಆಚೆ ತಿರುಗಿದಾಗ ಸಾಕ್ಷಿ ಸದ್ದಿಲ್ಲದೆ ಎರಡು ಕಲ್ಲು ತಂದು ಮುಂದಿನ ಗಾಲಿಗೆ ಕೊಟ್ಟಳು. ಗಂಡನ ತಪ್ಪನ್ನು ಗಂಡನಿಗೆ ಗೊತ್ತಾಗದಂತೆ ತಿದ್ದುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅದನ್ನು ನೋಡಿದಾಗೆಲ್ಲ ಧೂಳಮ್ಮನಿಗೆ ಅಳಿಯನ ಮೇಲಿನ ಸಿಟ್ಟು ಇಮ್ಮಡಿಯಾಗುತ್ತಿತ್ತು.

ಜಾಕ್ ಇಡಲು ಗಟ್ಟಿ ನೆಲ ಬೇಕೆಂಬ ಒಂದು ಮಾತು ಮಾತ್ರ ಮೊಬೈಲಿನಿಂದ ಅವನ ತಲೆಗೆ ಹತ್ತಿತ್ತು. ಅಂಗಳವನ್ನು ಅಲ್ಲಲ್ಲಿ ಒದ್ದು ನೋಡಿದ. ಒಂದು ಕಡೆ ಮಣ್ಣು ಕೆರೆದಾಗ ಕೆಳಗೆ ಅಗಲವಾದ ಫರಸಿ ಕಲ್ಲು ಸಿಕ್ಕಿತು. "ಇದು ಮಜಬೂತ್ ಜಾಗಾ" ಎಂದು ಹಲ್ಲು ಬಿಟ್ಟ. ಜೀಪನ್ನು ಸ್ವಲ್ಪ ಹಿಂದಕ್ಕೆ ತಂದಾಗ ಸಾಕ್ಷಿ ಗಾಲಿಯ ಕಲ್ಲುಗಳನ್ನೂ ಸದ್ದಿಲ್ಲದೆ ಹಿಂದಕ್ಕೆ ಸರಿಸಿ ಕೊಟ್ಟಳು. ಅವನು ಜಾಕನ್ನು ಆ ಫರಸಿಯ ನಟ್ಟನಡುವೆ ಇಟ್ಟ.

ಧೂಳಮ್ಮ ಕಲ್ಲನ್ನು ನೋಡಿದ ಕೂಡಲೇ ಗುರುತಿಸಿದಳು. ಆ ಫರಸಿ ನೆಲಕ್ಕೆ ಹಾಸಿದ್ದಲ್ಲ, ಹಗೇವಿನ ಬಾಯಿಗೆ ಮುಚ್ಚಿದ್ದು. ಅವಳ ಮಾವನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ, ಆಳುದ್ದದ ಗುಂಡಿ. ಸಾಕ್ಷಿ ಹುಟ್ಟುವ ಮೊದಲೇ ಖಾಲಿ ಮಾಡಿ, ಬಾಯಿಗೆ ಕಲ್ಲೆಳೆದು, ಮೇಲೆ ಮಣ್ಣು ಮೆತ್ತಿದ್ದರು. ಅದು ಎಲ್ಲಿದೆ ಎಂದು ತಿಳಿದವರು ಈಗ ಇಬ್ಬರೇ. ಒಬ್ಬಳು ಧೂಳಮ್ಮ, ಇನ್ನೊಬ್ಬ ಅವಳ ಗಂಡ ಅಮೋಘಸಿದ್ದಪ್ಪ. ಅವನು ಕುರಿ ಹೊಡೆದುಕೊಂಡು ಕೊಡಂಬಲದ ಕಡೆ ಹೋಗಿದ್ದ.

ಸಾಕ್ಷಿ ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಬಿಟ್ಟ ಹಲ್ಲು ನೋಡಿ ಧೂಳಮ್ಮ ಅದನ್ನು ನುಂಗಿಕೊಂಡಳು. ಜೀಪು ಏಳುವ ಮೊದಲೇ ಕಲ್ಲು ಕುಸಿಯುತ್ತದೆ, ಕುಸಿಯಲಿ. ಜಾಕ್ ಸಮೇತ ಅವನ ದಿಮಾಕೂ ಒಮ್ಮೆ ಹಗೇವಿಗೆ ಬೀಳಲಿ. ಮಗಳೂ ಕಣ್ಣಾರೆ ನೋಡಲಿ ಎಂದುಕೊಂಡಳು.

ಕಲ್ಲು ಕುಸಿಯಲಿಲ್ಲ. ಹಿಂದಿನ ಗಾಲಿಗಳು ನೆಲ ಬಿಟ್ಟವು. ಹಳೆ ಎಣ್ಣೆ ಹಿಡಿಯಲು ಏನೂ ತಂದಿಲ್ಲವೆಂದು ಅವನಿಗೆ ಆಗ ನೆನಪಾಯಿತು. "ಆಚಿ ಓಣಿ ಗಯಾಬಾಯಿ ಮನ್ಯಾಗ ತಗಡಿನ ಬುಟ್ಟಿ ಇದ್ರ ಇಸ್ಕೊಂಡು ಬಾ" ಎಂದು ಸಾಕ್ಷಿಯನ್ನು ಓಡಿಸಿದ. ಅವಳು ಓಣಿ ದಾಟುವಷ್ಟರಲ್ಲಿ ಇವನು ಅಂಗಾತ ಮಲಗಿ ಜೀಪಿನ ಕೆಳಗೆ ತೂರಿಕೊಂಡಿದ್ದ. ಮೇವು ಕಡಿಯುವ ಕೊರಡು ಅಲ್ಲೇ ಬಿದ್ದಿತ್ತು, ಬಿಡಿ ಗಾಲಿಯೂ ಇತ್ತು. ಆಸರೆಗೆ ಯಾವುದನ್ನೂ ಒಳಗೆ ಸರಿಸಲಿಲ್ಲ.

ಧೂಳಮ್ಮ ಅವನ ಮೂಗು ಮಣ್ಣಾಗಲಿ ಎಂದುಕೊಂಡಿದ್ದಳೇ ಹೊರತು ಮನುಷ್ಯ ಮಣ್ಣಾಗಲಿ ಎಂದಲ್ಲ. ಮಗಳ ಹಣೆಯ ಕುಂಕುಮ ಈಗ ಒಂದು ಹಳೇ ಫರಸಿಯ ಮೇಲೆ ನಿಂತಿತ್ತು. ಆದರೂ ರೂಢಿ ಬಿಡಲಿಲ್ಲ. ಬೇವಿನ ಬುಡಕ್ಕೆ ಕಟ್ಟಿದ್ದ ಆಡಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಏ ಕಪ್ಪಿ, ಅಲ್ಲಿ ಇರಬ್ಯಾಡ. ಆ ಫರಸಿ ಕೆಳಗ ಹಗೇವು ಅದ, ಖಾಲಿ ಹಗೇವು."

ಕಪ್ಪಿ ಒಮ್ಮೆ ಅರಚಿತು. "ಈ ಆಡಿನ ಕಾಟ ಒಂದು" ಎಂದು ಕೆಳಗಿನಿಂದ ಗೊಣಗಿದ ಕಲ್ಲಿನಾಥ.

ಅವನಿಗೆ ಬೇರೆ ಸಂಕಟ ಶುರುವಾಗಿತ್ತು. ಎಣ್ಣೆ ತುಂಬಿಸುವ ಮೇಲಿನ ಬೋಲ್ಟು ಬಿಚ್ಚುತ್ತದೋ ಇಲ್ಲವೋ ಎಂದು ಮೊದಲು ನೋಡಬೇಕು, ಆಮೇಲೆ ಕೆಳಗಿನದಕ್ಕೆ ಕೈ ಹಾಕಬೇಕು. ಇವನು ಮೊದಲು ಬಿಚ್ಚಿದ್ದೇ ಕೆಳಗಿನದನ್ನು. ಕರಿ ಎಣ್ಣೆ ಬುಟ್ಟಿಯ ದಾರಿ ಕಾಯದೆ ಸಾರಿಸಿದ ಅಂಗಳದ ಮೇಲೆ ಹರಿಯಿತು. ಮೇಲಿನದು ತುಕ್ಕು ಹಿಡಿದು ಕಚ್ಚಿಕೊಂಡು ಕೂತಿತ್ತು. ಬೋಲ್ಟು ಬಿಚ್ಚುವ ಪಾನಾಕ್ಕೆ ಕೊಳವೆ ಸಿಕ್ಕಿಸಿ, ಎರಡೂ ಕೈಲಿ ಹಿಡಿದು ಜಗ್ಗತೊಡಗಿದ. ಜಗ್ಗಿದಾಗೆಲ್ಲ ಜೀಪು ಅತ್ತಿತ್ತ ಓಲಾಡಿತು. ಫರಸಿಯ ಅಂಚಿನಿಂದ ಮಣ್ಣು ಸಣ್ಣಗೆ ಒಳಕ್ಕೆ ಇಳಿಯುವುದು ಧೂಳಮ್ಮನಿಗೆ ಕಂಡಿತು. ಜಾಕ್ ಒಂದು ಬದಿಗೆ ವಾಲಿತು.

ಅವಳ ಸೆರಗು ಹೆಗಲಿಗೆ ಜಾರಿತು. "ಏ ಕಲ್ಯಾ, ಹೊರಗ ಬಾರೋ ಮೂಳಾ. ಅಂಗಡ್ಯಾಗ ಕೂತು ರೊಕ್ಕ ಎಣಿಸಿದಂಗಲ್ಲ ಇದು. ಬಾರೋ ಹೊರಗ."

ಜೀವಭಯಕ್ಕೆ ಎಷ್ಟು ಹೊತ್ತಿಗೆ ಏಳುತ್ತಿದ್ದನೋ, ಅವಮಾನಕ್ಕೆ ಮಾತ್ರ ಚೇಳು ಕಡಿದವನಂತೆ ಹೊರಬಿದ್ದ. ಬೆನ್ನೆಲ್ಲ ಎಣ್ಣೆ, ಕೈಯಲ್ಲಿ ಪಾನಾ. "ಯಾರಿಗಿ ಮೂಳಾ ಅಂದ್ರಿ?" ಎಂದು ಅವಳತ್ತ ಎರಡು ಹೆಜ್ಜೆ ಇಟ್ಟ. ಬೆನ್ನ ಹಿಂದೆ ಫರಸಿ ಎರಡು ಹೋಳಾಯಿತು. ಜಾಕ್ ಹಗೇವಿನೊಳಗೆ ಹೋಯಿತು, ಅಂಚಿನ ಮಣ್ಣು ಕುಸಿದು ಹಿಂದಿನ ಗಾಲಿಗಳೂ ಹೂತು ಜೀಪು ಕುಂಡೆಯೂರಿ ಕೂತಿತು. ಸ್ವಲ್ಪ ಮುಂಚೆ ಅವನ ಎದೆ ಇದ್ದಲ್ಲಿ ಈಗ ಆ ದಪ್ಪ ಗುಂಡು ಮಣ್ಣಿಗೆ ಒತ್ತಿಕೊಂಡಿತ್ತು.

ಬುಟ್ಟಿ ಹಿಡಿದು ಬಂದ ಸಾಕ್ಷಿ ಅಲ್ಲೇ ನಿಂತುಬಿಟ್ಟಳು. ಕಲ್ಲಿನಾಥ ಕಟ್ಟೆಯ ಮೇಲೆ ಕೂತು ತಂಬಿಗೆ ನೀರು ಕುಡಿದ. ಮುಖಕ್ಕೆ ರಕ್ತ ಬಂದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಇದು: "ನಿಮ್ಮವ್ವ ನನಗ ಮೂಳಾ ಅಂದ್ಳು. ನಮ್ಮಪ್ಪ ಸುದಾ ಹಂಗ ಅಂದಿಲ್ಲ."

ಧೂಳಮ್ಮನಿಗೆ ನಗು ಬಂತು. ಸತ್ತು ಬದುಕಿದವನಿಗೆ ಇಜ್ಜತಿನ ಚಿಂತೆ. ಇಂಥವನನ್ನು ಹುಡುಕಿ ಹುಡುಕಿ ಮಗಳ ಕೊರಳಿಗೆ ಕಟ್ಟಿದೆವಲ್ಲ ಎಂದು ಹಣೆ ಚಚ್ಚಿಕೊಳ್ಳಬೇಕೆನಿಸಿತು. ಮಗಳ ಕಣ್ಣಲ್ಲೂ ಅದೇ ತಾತ್ಸಾರ ಕಾಣಬಹುದೆಂದು ಅವಳತ್ತ ನೋಡಿದಳು.

ಸಾಕ್ಷಿ ಗಂಡನನ್ನು ನೋಡುತ್ತಿರಲಿಲ್ಲ. ಹಗೇವಿನ ತೆರೆದ ಬಾಯಿ ನೋಡುತ್ತಿದ್ದಳು.

"ಯವ್ವಾ, ಇದು ಇಲ್ಲಿ ಅದ ಅಂತ ನಿನಗ ಗೊತ್ತಿತ್ತೇನು?"

"ಆಡಿಗಿ ಹೇಳಿದ್ನೆವ್ವ. ಆಂವಗ ಕೇಳಸೂವಂಗೇ ಹೇಳಿದ್ದೆ."

"ಅದು ಆಮ್ಯಾಗ. ಜಾಕ ಇಡುವಾಗ ನಾ ನಿನ್ನ ಬಾಜೂಕೇ ನಿಂತಿದ್ನಲ್ಲ. ನನಗ್ಯಾಕ ಹೇಳಲಿಲ್ಲ?"

ಧೂಳಮ್ಮನಿಗೆ ಕಾರಣ ಗೊತ್ತಿತ್ತು, ಮಗಳಿಗೂ ಗೊತ್ತಾಗಿತ್ತು. ಜಾರಿದ ಸೆರಗನ್ನು ಎಳೆದು ತಲೆಯ ಮೇಲೆ ಹಾಕಿಕೊಂಡಳು. ಈಗ ಅದರಿಂದ ಏನೂ ಮುಚ್ಚುವಂತಿರಲಿಲ್ಲ.

ಸಾಕ್ಷಿ ಹಳೇ ಅರಿವೆ ತಂದು ಗಂಡನ ಬೆನ್ನಿನ ಎಣ್ಣೆ ಒರೆಸಿದಳು, ಟೊಂಗೆಯ ಮೇಲಿನ ಅಂಗಿ ತೆಗೆದು ತೊಡಿಸಿದಳು. ಅವನು ಇನ್ನೂ ಮೂಳಾ ಎಂಬ ಮಾತನ್ನೇ ಅಗಿಯುತ್ತಿದ್ದ. ಅವನ ತೋಳು ಹಿಡಿದು ಬೇವಿನ ತನಕ ಬಂದಳು. ತಾಯಿ ಕೈಯಳತೆಯಲ್ಲೇ ನಿಂತಿದ್ದಳು. ಸಾಕ್ಷಿ ಬಗ್ಗಿ ಆಡಿನ ತಲೆ ಸವರಿದಳು.

"ಕಪ್ಪಿ, ನಮ್ಮವ್ವಗ ಹೇಳು" ಎಂದಳು. "ನಾವು ಬಸ್ಸಿಗಿ ಹೊಂಟೀವಿ ಅಂತ."