ಅಳತೆ ನೀರಿನಿಂದಲ್ಲ, ಕಲ್ಲಿನಿಂದ

೨೦೨೪ರ ಏಪ್ರಿಲ್ ೨೧, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಮದ್ದೂರು ತಾಲ್ಲೂಕಿನ ಒಂದು ಊರು. ಕೆರೆಯ ಪಕ್ಕದ ತನ್ನ ಹೊಲದಲ್ಲಿ ಪುನೀತ್ ಸುಣ್ಣದ ಪುಡಿಯಿಂದ ಹೊಸ ಮನೆಯ ಗುರುತು ಹಾಕುತ್ತಿದ್ದ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಅವನಿಗೆ ಅಂದು ರಜೆ. ಹೆಂಡತಿ ರಂಜಿತ ಕೆರೆಯತ್ತ ಮುಖ ಮಾಡಿ ನಿಂತು, "ರೀ, ಅಡುಗೆಮನೆ ಕಿಟಕಿ ಇಲ್ಲಿ ಬರ್ಲಿ" ಎಂದಳು.

ರಂಜಿತ ಹುಟ್ಟಿದ್ದು ಕೊಕ್ಕರೆ ಬೆಳ್ಳೂರಿನಲ್ಲಿ. ಹಕ್ಕಿಗಳು ಬಂದಿರುವ ತಿಂಗಳುಗಳಲ್ಲಿ ಅಲ್ಲಿ ಬೆಳಗಾಗುವುದೇ ಅವುಗಳ ಸದ್ದಿಗೆ. ಮದುವೆಯಾಗಿ ಬಂದ ಮನೆ ಇಕ್ಕಟ್ಟಾದ ಬೀದಿಯೊಳಗಿದೆ. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಪಾತ್ರೆ ತೊಳೆಯುತ್ತ ಆರು ವರ್ಷ ಆ ಗೋಡೆಯನ್ನೇ ನೋಡಿದ್ದಾಳೆ. ನೀರು ಕಾಣುವ ಒಂದು ಕಿಟಕಿ, ಆ ನೀರಿಗೆ ಇಳಿಯುವ ನಾಲ್ಕು ಕೊಕ್ಕರೆ. ಹೊಸ ಮನೆಯಲ್ಲಿ ಅವಳು ಕೇಳಿದ್ದು ಇಷ್ಟೇ.

ಅಷ್ಟರಲ್ಲಿ ಪುನೀತನ ಚಿಕ್ಕಪ್ಪನ ಮಗಳು ಅರ್ಪಿತ ಸ್ಕೂಟರಿನಲ್ಲಿ ಬಂದಳು. ಅವಳು ಗ್ರಾಮ ಪಂಚಾಯಿತಿ ಸದಸ್ಯೆ.

"ಎಲ್ಲಿಂದ ಅಳ್ದೆ ಅಣ್ಣ?"

"ನೀರಿಂದ. ಕೆರೆಗೆ ಮೂವತ್ತು ಮೀಟ್ರು ಬುಡ್ಬೇಕು ಅಂತ ಸಭೇಲಿ ನೀನೇ ಏಳ್ದಲ್ಲ? ನಾನು ನೂರು ಬುಟ್ಟಿವ್ನಿ. ಸಾಲ್ದಾ?"

"ನೀರಿಂದ ಅಲ್ಲ ಕಣಣ್ಣ, ಕೆರೆ ಎಲ್ಲೆಯಿಂದ. ಬ್ಯಾಸ್ಗೇಲಿ ನೀರು ನಡೂಗೆ ಓಗಿ ಕುಂತದೆ. ನಕ್ಷೇಲಿ ಕೆರೆ ಎಲ್ಲಿಗಂಟ ಅದೋ ಅಲ್ಲಿಂದ ಅಳೀಬೇಕು."

"ನಕ್ಷೆ ಬರ್ದೋನು ಸತ್ತು ಎಷ್ಟು ಕಾಲ ಆಯ್ತೋ! ಇದು ನಮ್ಮ ಜಮೀನು ಕಣಮ್ಮಿ. ಪಹಣೀಲಿ ನಮ್ಮೆಸ್ರೇ ಅದೆ."

"ಜಮೀನು ನಿಂದೇ, ಇಲ್ಲ ಅಂದೋರು ಯಾರು? ರಾಗಿ ಬೆಳ್ಕೊ. ಆ ಮೂವತ್ತು ಮೀಟ್ರೊಳ್ಗೆ ಮನೆ, ಅಂಗಡಿ ಮಾತ್ರ ಕಟ್ಟಂಗಿಲ್ಲ." ಅರ್ಪಿತ ಸುತ್ತ ನೋಡಿದಳು. "ಆ ಮಣ್ಣು ಯಾಕೆ ತಂದು ಸುರ್ದಿದ್ದೀಯ?"

"ದಾರಿಗೆ. ಆ ಅಳ್ಳ ಮುಚ್ಚುದ್ರೆ ಟ್ರ್ಯಾಕ್ಟ್ರು ಸೀದಾ ಮನೆತಾವ ಬತ್ತದೆ."

"ಅದು ಅಳ್ಳ ಅಲ್ಲ, ಕೆರೆಗೆ ನೀರು ತರೋ ಕಾಲುವೆ."

"ಎಲ್ಲಿ, ಅದ್ರಲ್ಲಿ ಒಂದು ತೊಟ್ಟು ನೀರು ತೋರ್ಸು ನೋಡಾನ!"

ರಂಜಿತ ಕೆರೆಯಿಂದ ಮುಖ ತಿರುಗಿಸಿದಳು. "ಎಲ್ರಿಗೂ ಎಲ್ಲ ಆಯ್ತದೆ. ನಾನೊಂದು ಕಿಟಕಿ ಕೇಳುದ್ರೆ ಮಾತ್ರ ಕಾನೂನು ಬತ್ತದೆ."

ಕಾಫಿ ತಂದಿದ್ದ ಪುನೀತನ ತಾಯಿ ಮಂಚಮ್ಮ ಚೊಂಬನ್ನು ಕೆಳಗಿಟ್ಟು ಜಾಲಿ ಪೊದೆಯತ್ತ ನಡೆದರು. ಸೆರಗಿನಿಂದ ಮುಳ್ಳು ಸರಿಸಿ ಕೂಗಿದರು.

"ಬನ್ರೋ ಇಲ್ಲಿ!"

ಪೊದೆಯೊಳಗೆ ಬಟ್ಟೆ ಒಗೆಯುವ ಅಗಲವಾದ ಕಲ್ಲು ಇತ್ತು. ಮಧ್ಯಭಾಗ ಸವೆದು ನುಣುಪಾಗಿತ್ತು. ಮಂಚಮ್ಮ ಅದರ ಮೇಲೆ ಕುಳಿತರು. ಕಾಲ ಕೆಳಗೆ ಬಿರುಕು ಬಿಟ್ಟ ಮಣ್ಣು.

"ಪುನೀತ ಒಟ್ಟೇಲಿದ್ದಾಗ ಇಲ್ಲೇ ಕುಂತಿರ್ತಿದ್ದೆ. ಮೊಣಕಾಲುಗಂಟ ನೀರು. ಕಾಲು ಬುಟ್ಕೊಂಡ್ರೆ ಏಳಕ್ಕೇ ಮನಸ್ಸು ಬತ್ತಿರ್ನಿಲ್ಲ. ನಿಮ್ಮಪ್ಪ ಬಂದು ಬಯ್ಯೋರು, ಮನೆ ಬ್ಯಾಡ್ವೇನಮ್ಮಿ ಅಂತ."

ಪುನೀತ್ ಟೇಪು ಹಿಡಿದ. ಅವನ ಸುಣ್ಣದ ಗೆರೆ ಆ ಕಲ್ಲಿನಿಂದ ಬರೀ ಒಂಬತ್ತು ಮೀಟರ್ ದೂರದಲ್ಲಿತ್ತು.

"ನೀರು ತಿರ್ಗ ಬಂದ್ರೆ ಎಲ್ಲಿ ನಿಂತ್ಕಬೇಕ್ಲಾ? ನಿನ್ನ ಅಜಾರ್ದಲ್ಲಾ?" ಮಂಚಮ್ಮ ಕೇಳಿದರು. "ಮನೆಗೊಂದು ಅಂಗಳ ಬೇಕು ಅಂತೀರ. ಇದು ಕೆರೆ ಅಂಗಳ ಕಣ್ಲಾ."

"ಈ ಕಾಲ್ದಲ್ಲಿ ಎಲ್ಲಿ ಬತ್ತದೆ ಬುಡವ್ವ."

"ಬರೋ ದಾರಿ ಮುಚ್ಚುದ್ರೆ ಎಂಗೆ ಬಂದಾತು?" ಎಂದಳು ಅರ್ಪಿತ.

ರಂಜಿತ ಆ ಕಾಲುವೆಯನ್ನೂ ಮಣ್ಣಿನ ಗುಡ್ಡೆಯನ್ನೂ ನೋಡಿದಳು. ಮೆಲ್ಲಗೆ ಕೇಳಿದಳು: "ಕಾಲುವೆ ಮುಚ್ಚೋದ್ರೆ, ನನ್ನ ಕಿಟಕೀಲಿ ಏನು ಕಾಣ್ತದೆ ಅರ್ಪಿತ?"

"ಇದೇ ಜಾಲಿ ಗಿಡ ಅತ್ತಿಗೆ."

ರಂಜಿತ ಹೋಗಿ ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿದಳು. ಪುನೀತ್ ಟೇಪನ್ನು ಕೆಳಗಿಟ್ಟ. ಬಳಿಕ ಅವನೂ ಇನ್ನೊಂದು ಬದಿಯಿಂದ ಅಳಿಸತೊಡಗಿದ.

ಆ ವರ್ಷದ ಲೋಕಸಭಾ ಚುನಾವಣೆ ಮುಗಿದ ಮೇಲೆ ಅವರು ಅಳತೆಗೆ ಅರ್ಜಿ ಹಾಕಿದರು. ಸರ್ವೆಯವರು ನಕ್ಷೆ ಹಿಡಿದು ಬಂದು ಕೆರೆಯ ಎಲ್ಲೆಯ ಕಲ್ಲು ಹುಡುಕಿದರು. ಅದು ಒಗೆಯುವ ಕಲ್ಲಿನ ಪಕ್ಕದಲ್ಲೇ ಮಣ್ಣಿನಲ್ಲಿ ಹೂತಿತ್ತು. ಅಲ್ಲಿಂದ ಮೂವತ್ತೆರಡು ಮೀಟರ್ ಹಿಂದೆ ಪಾಯ ಬಿತ್ತು. ದಾರಿಗೆ ಹಳೆಯ ಗಾಡಿ ಜಾಡೇ ಸಾಕಾಯಿತು. ಮಣ್ಣು ವಾಪಸ್ ಹೋಯಿತು. ಅಡುಗೆಮನೆ ಕೆರೆಯಿಂದ ದೂರವಾಯಿತೆಂದು ಪುನೀತ್ ಕಿಟಕಿಯನ್ನು ಒಂದಡಿ ಅಗಲ ಮಾಡಿಸಿದ.

ಮಳೆ ಬಂದಾಗ ಕಾಲುವೆಯಲ್ಲಿ ಕೆಂಪು ನೀರು ಹರಿಯಿತು. ರಂಜಿತ ದಿನವೂ ಸಂಜೆ ಇನ್ನೂ ಬಾಗಿಲು ಕೂರಿಸದ ಮನೆಯಲ್ಲಿ ಆ ಕಿಟಕಿಯ ಬಳಿ ನಿಂತು, ನೀರು ಎಲ್ಲಿಯವರೆಗೆ ಬಂತೆಂದು ನೋಡುತ್ತಿದ್ದಳು. ಒಂದು ದಿನ ದೂರದ ಅಂಚಿನಲ್ಲಿ ಎರಡು ಕೊಕ್ಕರೆ ನಿಂತಿದ್ದವು. ಅತ್ತೆಯನ್ನು ಕೂಗಿ ಕರೆದಳು. ಇಬ್ಬರೂ ಕತ್ತಲಾಗುವವರೆಗೆ ನೋಡಿದರು.

ಕೆರೆಯ ಬಳಿ ಮನೆ ಕಟ್ಟಬೇಕೆಂದಿರುವ ಅಣ್ಣಂದಿರೇ, ಅಕ್ಕಂದಿರೇ, ಬೇಸಿಗೆಯ ನೀರನ್ನು ನೋಡಿ ಅಳೆಯಬೇಡಿ. ಪಾಯ ತೋಡುವ ಮೊದಲು ಕೆರೆಯ ಎಲ್ಲೆ ಗುರುತಿಸಿಕೊಳ್ಳಿ. ನಿಮ್ಮ ಕೆರೆಗೆ ಈಗ ಜಾರಿಯಲ್ಲಿರುವ ಅಂತರ ಎಷ್ಟೆಂದು ಪಂಚಾಯಿತಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಕಾಲುವೆ ಒಣಗಿದ್ದರೂ ಮುಚ್ಚಬೇಡಿ. ನೀರು ಹಳೆಯ ಜಾಗಕ್ಕೆ ಮರಳಲು ದಾರಿ ಬಿಡಿ.

ಬೇಸಿಗೆಯಲ್ಲಿ ಮಂಚಮ್ಮನ ಕಲ್ಲಿಗೂ ನೀರಿಗೂ ತೊಂಬತ್ತು ಮೀಟರಿನಷ್ಟಿದ್ದ ದೂರ, ಆ ಮಳೆಗಾಲದ ಕೊನೆಗೆ ಉಳಿದಿದ್ದು ಹದಿನಾಲ್ಕು ಮೀಟರ್.