ಪ್ರಾಯೋಜಕಿ

ಹೊಸ ಜೆರ್ಸಿಯ ಎದೆಯ ಮೇಲೆ ತನ್ನ ಅಂಗಡಿಯ ಹೆಸರು ಕಂಡಾಗ ಪ್ರೆಸಿಲ್ಲಾಳಿಗೆ ಮೊದಲು ನಗು ಬಂತು. ಸಿಡ್ನಿಯ ಹ್ಯಾರಿಸ್ ಪಾರ್ಕಿನ ಆ ಪುಟ್ಟ ಅಂಗಡಿಯಲ್ಲಿ ಅವಳು ಮಾರುತ್ತಿದ್ದುದು ಬನ್ಸ್, ನೀರುದೋಸೆ, ಕೋಳಿ ಸುಕ್ಕ. ಕೂತು ತಿನ್ನುವವರಿಗೆ ಗೋಡೆಗೆ ಒತ್ತಿದ ಕೆಲವು ಮೇಜುಗಳಿದ್ದವು, ಅಷ್ಟೆ. ಅಂಥ ಅಂಗಡಿಯ ಹೆಸರು ಹೊತ್ತು ಒಂದಿಡೀ ತಂಡ ಮೈದಾನದಲ್ಲಿ ಓಡುವುದು ಅವಳಿಗೆ ತಮಾಷೆಯಾಗಿ ಕಂಡಿತು. ಗಂಡ ನೋರ್ಬರ್ಟ್ ಜೆರ್ಸಿಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತ, ಇಷ್ಟು ವರ್ಷ ಕ್ಯಾಂಟೀನ್ ನೋಡಿಕೊಂಡದ್ದಕ್ಕೆ ಕ್ಲಬ್ಬಿನವರು ನಿನಗೆ ಮಾಡಿದ ಗೌರವ ಇದು ಎಂದ. ಅವಳು ನಂಬಿದಳು.

ವಾಟಲ್‌ಬ್ರೂಕ್ ಕ್ಲಬ್ ಶುರುವಾದದ್ದು ಬ್ಲ್ಯಾಕ್‌ಟೌನ್ ಹತ್ತಿರದ ಒಂದು ಪಾರ್ಕಿನಲ್ಲಿ, ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದ ಮಂಗಳೂರಿನವರ ಫುಟ್‌ಬಾಲ್ ಆಟವಾಗಿ. ಊರಲ್ಲಿದ್ದಾಗ ನೆಹರೂ ಮೈದಾನದಲ್ಲಿ ಆಡಿ ಮೊಣಕಾಲು ಕೆಡಿಸಿಕೊಂಡಿದ್ದ ನೋರ್ಬರ್ಟ್ ಕ್ಲಬ್ಬನ್ನು ಕಟ್ಟಿ ಅದರ ಅಧ್ಯಕ್ಷನಾದ. ಬಸ್ ಡಿಪೋದ ಮೆಕ್ಯಾನಿಕ್ ಕೆಲಸ ಬಿಟ್ಟರೆ ಅವನಿಗೆ ಅದೇ ಲೋಕವಾಗಿತ್ತು. ಬರಬರುತ್ತ ಕ್ರೊಯೇಷಿಯಾದವರು, ಸುಡಾನಿನವರು ಎಲ್ಲ ಬಂದು ಸೇರಿಕೊಂಡರು. ಕ್ಲಬ್ ಒಂದೊಂದೇ ಡಿವಿಷನ್ ಮೇಲೇರಿತು. ಇನ್ನೊಂದು ಪ್ರಮೋಷನ್ ಸಿಕ್ಕರೆ ಸಿಡ್ನಿಯ ದೊಡ್ಡ ಕ್ಲಬ್ಬುಗಳ ಸಾಲಿಗೆ ನಿಲ್ಲಬಹುದಿತ್ತು. ಅಲ್ಲಿಂದಾಚೆಗೆ ನೋರ್ಬರ್ಟ್ ಮನೆಯಲ್ಲಿ ಬೇರೆ ಮಾತೇ ಆಡಲಿಲ್ಲ.

ಓಲ್ವಿನ್‌ನನ್ನು ಮೆಲ್ಬರ್ನ್‌ನಿಂದ ಕರೆಸಿದ್ದು ಅದಕ್ಕೇ. ಅಲ್ಲಿನ ಡ್ಯಾಂಡೆನಾಂಗ್‌ನಲ್ಲಿ ಹುಟ್ಟಿ ಬೆಳೆದ ಮಂಗಳೂರು ಮನೆತನದ ಹುಡುಗ, ಎಲೆಕ್ಟ್ರಿಷಿಯನ್. ಅವನ ಎಡಗಾಲಿಗೆ ಚೆಂಡು ಬಂತೆಂದರೆ ಗೋಲ್ ಕೀಪರುಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನೋರ್ಬರ್ಟ್ ಅಲ್ಲಿಗೇ ಹೋಗಿ, ಅವನ ತಂದೆತಾಯಿಯ ಎದುರು ಕೂತು, ಕೆಲಸಕ್ಕಿಂತ ಹೆಚ್ಚು ಸಂಬಳ ಆಟದಲ್ಲೇ ಕೊಡುತ್ತೇನೆಂದು ಮಾತು ಕೊಟ್ಟು ಬಂದ. ಓಲ್ವಿನ್ ಕೆಲಸ ಬಿಟ್ಟ. ಬಸುರಿ ಹೆಂಡತಿ ವಿನಿಷಾಳನ್ನು ಕರೆದುಕೊಂಡು ಬ್ಲ್ಯಾಕ್‌ಟೌನಿನ ಬಾಡಿಗೆ ಯೂನಿಟ್ಟಿಗೆ ಬಂದ. ವಿನಿಷಾಳಿಗೆ ಏನು ತಿಂದರೂ ವಾಂತಿ. ಪ್ರೆಸಿಲ್ಲಾ ಮಾಡಿದ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಮಾತ್ರ ಒಳಗೆ ನಿಲ್ಲುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಪ್ರೆಸಿಲ್ಲಾ ದಿನಾ ಅದನ್ನು ಒಯ್ದು ಕೊಟ್ಟು ಬರುತ್ತಿದ್ದಳು.

ಓಲ್ವಿನ್ ಗೋಲು ಹೊಡೆಯುತ್ತಲೇ ಹೋದ. ಆಗಸ್ಟಿನ ಹೊತ್ತಿಗೆ ತಂಡ ಪಟ್ಟಿಯ ಮೇಲ್ತುದಿಯಲ್ಲಿತ್ತು.

ಒಂದು ಮಧ್ಯಾಹ್ನ, ಗಿರಾಕಿಗಳು ಕರಗಿದ ಮೇಲೆ, ಕ್ಲಬ್ಬಿನ ಖಜಾಂಚಿ ಗುರುಬಸವ ಅಂಗಡಿಗೆ ಬಂದ. ಹುಬ್ಬಳ್ಳಿಯವನು, ಪ್ಯಾರಾಮಾಟಾದಲ್ಲಿ ಅಕೌಂಟೆಂಟ್. ನೋರ್ಬರ್ಟನ ಹಳೆಯ ಗೆಳೆಯ. ಚಹಾ ಕೊಟ್ಟರೆ ಕುಡಿಯದೆ ಕಪ್ಪನ್ನು ಸುತ್ತಿಸುತ್ತ ಕೂತ. ಲೀಗಿನವರು ವಿಚಾರಣೆಗೆ ಕರೆದಿದ್ದಾರೆ, ನೀವೂ ಬರಬೇಕಾಗುತ್ತದೆ ಎಂದ. ತಾನ್ಯಾಕೆ ಎಂದು ಪ್ರೆಸಿಲ್ಲಾ ಕೇಳಿದಳು.

"ಅಕ್ಕಾರ, ನೋರ್ಬರ್ಟ್ ನಿಮಗ ಎಲ್ಲಾ ಹೇಳ್ಯಾನ ಅಂತ ತಿಳ್ಕೊಂಡಿದ್ನಿ," ಎಂದ ಗುರುಬಸವ. "ಈಗ ರೂಲ್ ಹೆಂಗೈತಿ ಅಂದ್ರ, ಕ್ಲಬ್ ತಾನು ದುಡದಷ್ಟ ಖರ್ಚು ಮಾಡಬೇಕ್ರಿ. ಗೇಟು, ಕ್ಯಾಂಟೀನು, ಸ್ಪಾನ್ಸರು. ಅಧ್ಯಕ್ಷ ತನ್ನ ಕಿಸೆದಿಂದ ಸುರಿಯೂಹಂಗಿಲ್ಲ. ಅದಕ್ಕ ನಿಮ್ಮ ಅಂಗಡಿ ಹೆಸರು ಬಂತು."

"ನನ್ನ ಅಂಗಡಿಯಿಂದ ನಾನು ಒಂದು ಡಾಲರ್ ಕೊಡ್ಲಿಲ್ಲ ಮಾರಾಯ್ರೆ."

"ನಿಮ್ಮ ಅಂಗಡಿ ಖಾತೆಯಿಂದನ ಬಂದೈತ್ರಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೇಸಿಗೆಯಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಪಕ್ಕದ ಮಳಿಗೆ ಖಾಲಿಯಾಗುತ್ತಿದೆ, ಅಂಗಡಿ ದೊಡ್ಡದು ಮಾಡೋಣ ಎಂದು ಹೇಳಿ ಮನೆ ಅಡವಿಟ್ಟು ತೆಗೆದ ಸಾಲವನ್ನು ಹೆಚ್ಚಿಸಿದ್ದ ನೋರ್ಬರ್ಟ್. ಅವಳು ಖುಷಿಯಿಂದ ಸಹಿ ಹಾಕಿದ್ದಳು. ಪಕ್ಕದ ಮಳಿಗೆಗೆ ಆಮೇಲೆ ಮೊಬೈಲ್ ಅಂಗಡಿ ಬಂದಿತ್ತು. ಕಟ್ಟಡದ ಮಾಲೀಕ ಒಪ್ಪಲಿಲ್ಲವಂತೆ ಎಂದಿದ್ದ. ಅಂಗಡಿಯ ಲೆಕ್ಕ ನೋಡುತ್ತಿದ್ದವನು ಅವನೇ; ಆ ಸಾಲದ ದುಡ್ಡು ಅಂಗಡಿಯ ಖಾತೆಯ ಮೂಲಕ ಕ್ಲಬ್ಬಿಗೆ ಹೋಗಿತ್ತು.

"ನಾನು ಅಲ್ಲಿ ಏನು ಹೇಳ್ಬೇಕಂತೆ?" ಎಂದಳು.

"ರೊಕ್ಕ ಅಂಗಡಿದು, ಕೊಟ್ಟಾಕಿ ನಾನ ಅಂತ." ಗುರುಬಸವ ತಲೆ ಎತ್ತಲಿಲ್ಲ. "ಹೇಳ್ರಿ ಅಂತ ನಾ ಅನ್ನೂದಿಲ್ಲ. ನನಗೂ ಗೊತ್ತಿತ್ತು. ಗೆದ್ದಮ್ಯಾಲ ಎಲ್ಲಾ ಸರಿ ಆಕ್ಕೈತಿ ಅಂತ ಸುಮ್ಮನಿದ್ನಿ."

ಆ ಸಂಜೆ ಅವಳು ಗಂಡನನ್ನು ನೇರವಾಗಿಯೇ ಕೇಳಿದಳು. ಅವನು ಅಲ್ಲಗಳೆಯಲಿಲ್ಲ. ಎಲ್ಲ ಕ್ಲಬ್ಬಿನವರೂ ಹೀಗೇ ಮಾಡುತ್ತಾರೆ, ಕೆಲವರಿಗೆ ಬಿಲ್ಡರ್ ಭಾವಮೈದ ಇದ್ದಾನೆ, ನನಗೆ ಇರುವುದು ನೀನು ಎಂದ. ಮೇಲೇರಿದ ಮೇಲೆ ನಿಜವಾದ ಸ್ಪಾನ್ಸರುಗಳು ಬರುತ್ತಾರೆ, ಮನೆ ಎಲ್ಲಿಗೂ ಹೋಗುವುದಿಲ್ಲ ಎಂದ. ಬರದಿದ್ದರೆ ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ಇನ್ನೊಂದು ವರ್ಷ ಹೇಗಾದರೂ ಹಾಕೋಣ ಎಂದ ನೋರ್ಬರ್ಟ್. ಹಾಗೆನ್ನುವಾಗ ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಬರೀ ಆಸೆಯಿತ್ತು. ಅವಳಿಗೆ ಭಯವಾದದ್ದು ಆಗಲೇ.

ವಿಚಾರಣೆಯ ಕೋಣೆಯಲ್ಲಿ ಮೂವರು ಕೂತಿದ್ದರು. ನರೆಗೂದಲಿನ ಹೆಂಗಸೊಬ್ಬಳು ಮೆತ್ತಗೆ ಇಂಗ್ಲಿಷಿನಲ್ಲಿ ಕೇಳಿದಳು: ಇಷ್ಟು ದೊಡ್ಡ ಪ್ರಾಯೋಜಕತ್ವ ಕೊಡಲು ನಿರ್ಧರಿಸಿದವರು ನೀವೇನಾ? ಪಕ್ಕದಲ್ಲಿ ನೋರ್ಬರ್ಟ್ ಕೈಗಳನ್ನು ತೊಡೆಯ ನಡುವೆ ಒತ್ತಿ ಹಿಡಿದಿದ್ದ. ಹೌದು ಎಂದರೆ ಸಾಕಿತ್ತು. ಇಲ್ಲವೆಂದರೆ ಓಲ್ವಿನ್ ಹೊಡೆದ ಗೋಲುಗಳೆಲ್ಲ ನೀರಲ್ಲಿ ಹೋಗುತ್ತಿದ್ದವು. ವಿನಿಷಾಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಅದೆಲ್ಲ ಪ್ರೆಸಿಲ್ಲಾಳಿಗೆ ಗೊತ್ತಿತ್ತು. ಹೌದು ಎಂದರೆ ಬರುವ ವರ್ಷವೂ ತಾನು ಇದೇ ಕುರ್ಚಿಯಲ್ಲಿ ಕೂತಿರುತ್ತೇನೆ ಎನ್ನುವುದೂ ಗೊತ್ತಿತ್ತು.

ನನ್ನ ಅಂಗಡಿಯಲ್ಲಿ ಅಷ್ಟು ದುಡ್ಡು ಯಾವತ್ತೂ ಹುಟ್ಟಿಲ್ಲ, ಎಂದಳು ಅವಳು. "ದಟ್ ಮನಿ ಈಸ್ ಅವರ್ ಹೌಸ್."

ಆ ಹೆಂಗಸು ನೋರ್ಬರ್ಟನ ಕಡೆ ತಿರುಗಿ, ನಿಮಗೇನಾದರೂ ಹೇಳಲಿಕ್ಕಿದೆಯಾ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ.

ಲೀಗಿನವರು ಪಾಯಿಂಟುಗಳನ್ನು ಕತ್ತರಿಸಿದರು. ಮೇಲೇರಬೇಕಾದ ತಂಡ ಒಂದು ಡಿವಿಷನ್ ಕೆಳಗಿಳಿಯಿತು. ಕ್ಯಾಂಟೀನಿನಲ್ಲಿ ಅವಳ ಕೈಯ ಬನ್ಸ್ ತಿಂದು ಬೆಳೆದವರು ಚರ್ಚಿನ ಅಂಗಳದಲ್ಲಿ ಎದುರಾದರೆ ಮುಖ ತಿರುಗಿಸಿದರು. ನೋರ್ಬರ್ಟ್ ಅಧ್ಯಕ್ಷತನ ಬಿಟ್ಟ. ಹೆಂಡತಿಯನ್ನು ಬೈಯಲಿಲ್ಲ, ಮಾತನ್ನೂ ಆಡಲಿಲ್ಲ. ಡಿಪೋದಿಂದ ಬಂದು ಉಂಡು ಹಿತ್ತಲಲ್ಲಿ ಕೂರುತ್ತಿದ್ದ. ಅವಳೂ ಅವನನ್ನು ಮಾತಾಡಿಸಲು ಹೋಗಲಿಲ್ಲ. ಅವನು ಅವಳನ್ನು ಕ್ಷಮಿಸಬೇಕಿತ್ತೋ, ಅವಳು ಅವನನ್ನೋ, ಇಬ್ಬರಿಗೂ ತಿಳಿದಿರಲಿಲ್ಲ.

ಓಲ್ವಿನ್‌ಗೆ ಸಂಬಳ ನಿಂತಿತು; ಹೆಂಡತಿಯೊಂದಿಗೆ ಮೆಲ್ಬರ್ನ್‌ಗೆ ಹಿಂದಿರುಗುವುದೆಂದು ಅವನು ತೀರ್ಮಾನಿಸಿದ. ಗಂಜಿ ಕೊಡಲು ಹೋದ ಪ್ರೆಸಿಲ್ಲಾಳಿಗೆ ಅವನೇ ಬಾಗಿಲು ತೆರೆದ. ಅವಳು ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದಳು.

"ಯು ಡಿಡ್ ರೈಟ್, ಆಂಟಿ," ಎಂದ ಅವನು. "ಬಟ್ ಅಂಕಲ್ ಷುಡ್ ಹ್ಯಾವ್ ಟೋಲ್ಡ್ ಮಿ."

ಆ ಮಾತನ್ನು ಅವಳು ಮನೆಗೆ ಬಂದು ಹಾಗೆಯೇ ಹೇಳಿದಳು. ಮರುದಿನ ನೋರ್ಬರ್ಟ್ ಡಿಪೋಗೆ ರಜೆ ಹಾಕಿ, ಗುರುಬಸವನ ಪರಿಚಯದವರಿಂದ ಒಂದು ವ್ಯಾನು ತಂದು ಓಲ್ವಿನ್‌ನ ಯೂನಿಟ್ಟಿನ ಮುಂದೆ ನಿಲ್ಲಿಸಿದ. ಒಳಗೆ ಹೋಗಿ ಆ ಹುಡುಗನ ಹತ್ತಿರ ಏನು ಮಾತಾಡಿದನೋ, ಹೊರಗೆ ಬಂದಾಗ ಇಬ್ಬರೂ ಒಂದು ಫ್ರಿಜ್ ಹೊತ್ತಿದ್ದರು.

ವಿನಿಷಾಳನ್ನು ವಿಮಾನದಲ್ಲಿ ಮೊದಲೇ ಕಳಿಸಿದ್ದರು. ಉಳಿದ ಮೂವರು ಹ್ಯೂಮ್ ಹೈವೇಯಲ್ಲಿ ಇಡೀ ದಿನ ಪ್ರಯಾಣ ಮಾಡಿದರು. ಡ್ಯಾಂಡೆನಾಂಗ್ ಮುಟ್ಟಿದಾಗ ಬೆಳಕು ಇನ್ನೂ ಇತ್ತು. ಓಲ್ವಿನ್‌ನ ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಗನನ್ನು ತಬ್ಬಿಕೊಂಡಳು, ಪ್ರೆಸಿಲ್ಲಾಳ ಕೈ ಹಿಡಿದಳು. ನೋರ್ಬರ್ಟನಿಗೆ ಒಳಗೆ ಬಾ ಎನ್ನಲಿಲ್ಲ. ಅವನು ಅದಕ್ಕೆ ಕಾಯಲೂ ಇಲ್ಲ. ವ್ಯಾನಿನಿಂದ ಸಾಮಾನು ಇಳಿಸಿ ಗ್ಯಾರೇಜಿನಲ್ಲಿ ಜೋಡಿಸತೊಡಗಿದ.

ಪ್ರೆಸಿಲ್ಲಾ ಅಡುಗೆಮನೆಯಲ್ಲಿ ವಿನಿಷಾಳ ಜೊತೆ ಕೂತು ಚಹಾ ಕುಡಿದಳು. ಸ್ವಲ್ಪ ಹೊತ್ತಿನ ಮೇಲೆ ಗಂಡನಿಗೊಂದು ಕಪ್ ತೆಗೆದುಕೊಂಡು ಹೊರಗೆ ಬಂದಳು. ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಮಗುವಿನ ಮಂಚದ ಹಲಗೆಗಳು ಹರಡಿದ್ದವು. ನೋರ್ಬರ್ಟ್ ಕೆಟ್ಟ ಮೊಣಕಾಲನ್ನು ಮಡಚಲಾರದೆ ಒಂದು ಕಾಲು ಉದ್ದಕ್ಕೆ ಚಾಚಿ ಕೂತು, ಮಂಚದ ಒಂದು ಬದಿಯ ಹಲಗೆಯನ್ನು ನೆಟ್ಟಗೆ ಹಿಡಿದಿದ್ದ. ಓಲ್ವಿನ್ ಎದುರು ಬದಿಯಲ್ಲಿ ಬಗ್ಗಿ ಸ್ಕ್ರೂ ತಿರುಗಿಸುತ್ತಿದ್ದ. ಇನ್ನೂ ಸ್ವಲ್ಪ ಮೇಲೆ ಎಂದು ಅವನು ಕೈಯಲ್ಲೇ ತೋರಿಸಿದ. ನೋರ್ಬರ್ಟ್ ಹಲಗೆಯನ್ನು ಸ್ವಲ್ಪ ಮೇಲೆತ್ತಿ ಹಾಗೆಯೇ ಅಲುಗಾಡದೆ ಹಿಡಿದುಕೊಂಡ.